ಇಪ್ಪತ್ತು ವರ್ಷ ದಾಟಿದ ರ‍್ಯಾಲಿ ಗೇಮ್ ಇನ್ನೂ ಯಾಕೆ ಓಡ್ತಿದೆ?

ಓದುಗರ ಪ್ರಶ್ನೆ: ಗೆಳೆಯನ ಮನೆಯಲ್ಲಿ ಸ್ಟೀರಿಂಗ್ ವೀಲ್ ಹಾಕಿಕೊಂಡು ಆಡುವ ಒಂದು ರ‍್ಯಾಲಿ ಗೇಮ್ ನೋಡಿದೆ. ಹೆಸರು ರಿಚರ್ಡ್ ಬರ್ನ್ಸ್ ರ‍್ಯಾಲಿ. 2004ರದ್ದಂತೆ, ಆದರೆ ಅದರಲ್ಲಿ ಈಗಿನ ಕಾರುಗಳಿದ್ದವು. ಎಲ್ಲಾ ಫ್ಯಾನ್‌ಗಳು ಮಾಡಿದ ಮಾಡ್, ಅಂದರೆ ಗೇಮ್‌ಗೆ ತಾವೇ ಮಾಡಿಕೊಂಡ ಬದಲಾವಣೆ, ಅಂದ. ಇಷ್ಟೊಂದು ಹೊಸ ಗೇಮ್‌ಗಳಿರುವಾಗ ಜನ ಇದನ್ನೇ ಯಾಕೆ ಹಿಡಿದುಕೊಂಡಿದ್ದಾರೆ? ನನ್ನ ಹತ್ತಿರ ಹಳೇ ಲ್ಯಾಪ್‌ಟಾಪ್ ಇದೆ, ಓಡುತ್ತಾ? ಕಾನೂನಿನ ತೊಂದರೆ ಇದೆಯಾ? ಇನ್ನೊಂದು ಆಸೆ, ಚಿಕ್ಕಮಗಳೂರಿನ ಕಾಫಿ ತೋಟದೊಳಗೆ ರ‍್ಯಾಲಿ ನಡೆಯುವಂಥ ರಸ್ತೆಯನ್ನು ನಾವೇ ಇದರಲ್ಲಿ ಮಾಡಿ ಹಾಕಬಹುದಾ?

ಉತ್ತರ:

ಸುಲಭದ್ದನ್ನು ಮೊದಲು ಮುಗಿಸೋಣ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವ ಸಾಧ್ಯತೆ ಜಾಸ್ತಿ. ಕಾನೂನಿನ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ, ಕೆಳಗೆ ಬಿಡಿಸಿ ಹೇಳುತ್ತೇನೆ. ತೋಟದ ರಸ್ತೆ ಖಂಡಿತ ಮಾಡಬಹುದು, ಆದರೆ ನೀವು ಅಂದುಕೊಂಡಿರುವುದಕ್ಕಿಂತ ತುಂಬಾ ಜಾಸ್ತಿ ಕೆಲಸ. ಉಳಿದದ್ದು 'ಯಾಕೆ' ಅನ್ನೋದು. ಅದಕ್ಕೆ ಸ್ವಲ್ಪ ಹಳೇ ಕಥೆ ಬೇಕು.

ರಿಚರ್ಡ್ ಬರ್ನ್ಸ್ ಇಂಗ್ಲೆಂಡಿನವರು. 2001ರಲ್ಲಿ ಸುಬಾರು ಇಂಪ್ರೆಜಾ ಓಡಿಸಿ ವಿಶ್ವ ರ‍್ಯಾಲಿ ಚಾಂಪಿಯನ್ ಆದರು. ಅವರ ಹೆಸರಿಟ್ಟುಕೊಂಡು 2004ರಲ್ಲಿ ಈ ಗೇಮ್ ಬಂತು. ಮಾಡಿದ್ದು ಬ್ರಿಟನ್ನಿನ ವಾರ್ಟ್‌ಹಾಗ್ ಸ್ಟುಡಿಯೋ, ಮಾರಿದ್ದು ಎಸ್‌ಸಿಐ ಎಂಬ ಕಂಪನಿ. ಪಕ್ಕದಲ್ಲಿ ಕೂತು ತಿರುವುಗಳನ್ನು ಓದಿ ಹೇಳುವ ದನಿ ಅವರ ನಿಜವಾದ ಕೋ-ಡ್ರೈವರ್ ರಾಬರ್ಟ್ ರೀಡ್ ಅವರದ್ದೇ. ಗೇಮ್ ಅಂಗಡಿಗೆ ಬರುವ ಹೊತ್ತಿಗೆ ಬರ್ನ್ಸ್ ಓಡಿಸುವುದನ್ನೇ ನಿಲ್ಲಿಸಿದ್ದರು. 2003ರ ನವೆಂಬರ್‌ನಲ್ಲಿ ವೇಲ್ಸ್ ರ‍್ಯಾಲಿಗೆ ಹೋಗುವಾಗ ದಾರಿಯಲ್ಲೇ, ಕಾರು ಓಡಿಸುತ್ತಿರುವಾಗಲೇ ಪ್ರಜ್ಞೆ ತಪ್ಪಿತ್ತು. ಮೆದುಳಿನ ಗೆಡ್ಡೆ ಅಂತ ಆಮೇಲೆ ಗೊತ್ತಾಯಿತು. 2005ರ ನವೆಂಬರ್ 25ರಂದು ತೀರಿಕೊಂಡರು, ಚಾಂಪಿಯನ್ ಆದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷಕ್ಕೆ. ವಯಸ್ಸು ಬರೀ 34.

ಸ್ಟುಡಿಯೋ ಕೂಡ ಜಾಸ್ತಿ ದಿನ ಬಾಳಲಿಲ್ಲ. ಗಿಜ್ಮಾಂಡೋ ಅಂತ ಕೈಯಲ್ಲಿ ಹಿಡಿದು ಆಡುವ ಒಂದು ಯಂತ್ರ ಬಂದಿತ್ತು, ನೆನಪಿರುವವರು ಕಡಿಮೆ. ಅದನ್ನು ಮಾಡಿದ ಕಂಪನಿ ವಾರ್ಟ್‌ಹಾಗನ್ನು ಕೊಂಡುಕೊಂಡಿತು, 2006ರ ಶುರುವಿನಲ್ಲಿ ತಾನೂ ದಿವಾಳಿಯಾಯಿತು. ಅದೇ ಫೆಬ್ರವರಿಯಲ್ಲಿ ಆ ಕಂಪನಿಯ ಮಾಜಿ ಅಧಿಕಾರಿಯೊಬ್ಬರು ಇದ್ದ ಫೆರಾರಿ ಎಂಜೋ ಕ್ಯಾಲಿಫೋರ್ನಿಯಾದ ಮಾಲಿಬು ಹತ್ತಿರ ಕಂಬಕ್ಕೆ ಗುದ್ದಿ ಎರಡು ತುಂಡಾಗಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ. ಎಸ್‌ಸಿಐ ಅತ್ತ ಐಡಾಸ್ ಎಂಬ ಇನ್ನೊಂದು ಗೇಮ್ ಕಂಪನಿಯನ್ನು ಕೊಂಡಿತು, ಐಡಾಸನ್ನು 2009ರಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ ಕೊಂಡಿತು. ಹೀಗೆ ಕೈಯಿಂದ ಕೈಗೆ ಹೋಗುವಾಗ ಈ ಗೇಮ್ ಕಡೆ ತಿರುಗಿ ನೋಡಿದವರೇ ಇಲ್ಲ. ಕಂಪನಿ ಕೊಟ್ಟ ಕೊನೆಯ ಪ್ಯಾಚ್ (ದೋಷ ತಿದ್ದುವ ಫೈಲ್) 1.02. ಅಲ್ಲಿಗೆ ಅಧಿಕೃತ ಕಥೆ ಮುಗಿಯಿತು.

ಸರಿ, ಸತ್ತ ಗೇಮ್‌ಗಳು ಸಾವಿರ ಇವೆ. ಇದೊಂದೇ ಯಾಕೆ ಎದ್ದು ಕೂತಿತು ಅಂದರೆ, ಮೊದಲ ಕಾರಣ ಫಿಸಿಕ್ಸ್, ಅಂದರೆ ಕಾರು ಹೇಗೆ ಓಡಬೇಕು ಅನ್ನುವ ಲೆಕ್ಕ. ಎರೊ ಪಿಟುಲೈನೆನ್ ಎಂಬ ಫಿನ್ಲೆಂಡಿನ ಪ್ರೋಗ್ರಾಮರ್ ಬರೆದದ್ದು. ಆ ಕಾಲದ ಬೇರೆ ರ‍್ಯಾಲಿ ಗೇಮ್‌ಗಳಲ್ಲಿ ಕಾರು ನಡುವಿನಲ್ಲಿ ಒಂದು ಮೊಳೆ ಹೊಡೆದಂತೆ ಸುತ್ತುತ್ತಿತ್ತು. ಇದರಲ್ಲಿ ಹಾಗಲ್ಲ. ಬ್ರೇಕ್ ಒತ್ತಿದರೆ ಭಾರ ಮುಂದಿನ ಟೈರಿಗೆ ಹೋಗುತ್ತದೆ, ಹಿಂಬದಿ ಹಗುರಾಗುತ್ತದೆ, ಆಗ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಬಾಲ ಹೊರಗೆ ಬರುತ್ತದೆ, ಅದನ್ನು ಆಕ್ಸಿಲರೇಟರ್ ಕೊಟ್ಟು ಹಿಡಿಯಬೇಕು, ಹಿಡಿಯೋದು ಅರ್ಧ ಸೆಕೆಂಡ್ ತಡವಾದರೆ ಮರ. ಮರಕ್ಕೆ ಮೆಲ್ಲಗೆ ತಾಗಿದರೂ ರೇಡಿಯೇಟರ್ ಹೋಗಬಹುದು, ಎಂಜಿನ್ ಬಿಸಿ ಏರುತ್ತಾ ಹೋಗಿ ಮೂರು ಕಿಲೋಮೀಟರ್ ಆದಮೇಲೆ ನಿಂತುಬಿಡಬಹುದು. ಬಿಡುಗಡೆಯಾದಾಗಲೇ 'ಸಿಕ್ಕಾಪಟ್ಟೆ ಕಷ್ಟ' ಅಂತ ಹೆಸರು ಮಾಡಿದ ಗೇಮ್ ಇದು. ಸುಮ್ನೆ ಸಂಜೆ ಹೊತ್ತು ಕಾಫಿ ಕುಡಿಯುತ್ತಾ ಆಡುವವರು ಹತ್ತಿರ ಬರಲಿಲ್ಲ. ಬಂದವರು ಬಿಡಲಿಲ್ಲ.

ಎರಡನೇ ಕಾರಣ, ಬೀಗ ಸಡಿಲ ಇತ್ತು. ಮೂಲ ಗೇಮ್‌ನಲ್ಲಿ ಇದ್ದದ್ದು 8 ಕಾರು, 36 ಸ್ಟೇಜ್ (ಗಡಿಯಾರ ಇಟ್ಟು ಓಡಿಸುವ ರಸ್ತೆಯ ಒಂದೊಂದು ತುಂಡು). ಬ್ರಿಟನ್, ಫಿನ್ಲೆಂಡಿನ ಹಿಮ, ಫ್ರಾನ್ಸ್, ಆಸ್ಟ್ರೇಲಿಯಾ, ಜಪಾನ್, ಅಮೆರಿಕ. ಕಾರಿನ ಲೆಕ್ಕವೆಲ್ಲ ಫಿಸಿಕ್ಸ್ ಫೋಲ್ಡರ್ ಒಳಗೆ, ಒಂದೊಂದು ಕಾರಿಗೆ ಒಂದೊಂದು ಉಪಫೋಲ್ಡರ್‌ನಲ್ಲಿ, ಎಲ್‌ಎಸ್‌ಪಿ ಅನ್ನುವ ಫೈಲ್‌ಗಳಲ್ಲಿ ಇದೆ. ತೆರೆದರೆ ನೋಟ್‌ಪ್ಯಾಡ್‌ನಲ್ಲೇ ಓದಬಹುದಾದ ಪಠ್ಯ. ಸ್ಪ್ರಿಂಗ್ ಎಷ್ಟು ಗಟ್ಟಿ, ಡ್ಯಾಂಪರ್ ಎಷ್ಟು, ಗೇರ್ ಅನುಪಾತ ಎಷ್ಟು, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಯಾವಾಗ ಬಿಗಿಯಬೇಕು, ಎಲ್ಲಾ ಕಣ್ಣಿಗೆ ಕಾಣುವ ಅಂಕಿಗಳು. ಅಂಕಿ ಬದಲಿಸಿ ಸೇವ್ ಮಾಡಿ, ಮತ್ತೆ ಓಡಿಸಿ ನೋಡಿ. ಕಂಪ್ಯೂಟರ್ ಸೈನ್ಸ್ ಬೇಕಾಗಿರಲಿಲ್ಲ, ತಾಳ್ಮೆ ಬೇಕಿತ್ತು. ಜೊತೆಗೆ ಪ್ಲಗಿನ್ಸ್ ಅಂತ ಒಂದು ಫೋಲ್ಡರ್. ಅದರಲ್ಲಿ ಸಣ್ಣ ಡಿಎಲ್‌ಎಲ್ ಫೈಲ್ (ಪ್ರೋಗ್ರಾಂನ ತುಂಡು) ಇಟ್ಟರೆ ಗೇಮ್ ಶುರುವಾಗುವಾಗ ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಈ ಒಂದು ಬಾಗಿಲಿನಿಂದಲೇ ಮುಂದೆ ಬಂದದ್ದೆಲ್ಲ ಒಳಗೆ ಬಂತು.

ಆದರೆ ಎಂಟು ಅಂದರೆ ಎಂಟೇ. ಇವತ್ತಿಗೂ ಗೇಮ್‌ಗೆ ಎಂಟು ಕಾರುಗಳ ಜಾಗ ಮಾತ್ರ ಗೊತ್ತು. ನಿಮ್ಮ ಗೆಳೆಯ ಓಡಿಸುತ್ತಿದ್ದ ಹೊಸ ಕಾರು ನಿಜವಾಗಿ ಸಿಟ್ರೊಯೆನ್ ಕ್ಸಾರಾದ ಜಾಗದಲ್ಲೋ ಹ್ಯುಂಡೈ ಆಕ್ಸೆಂಟ್ ಜಾಗದಲ್ಲೋ ಕೂತಿರುತ್ತದೆ. ಮೊದಲೆಲ್ಲ ಆಡುವವರೇ ಕೈಯಾರೆ ಫೈಲ್‌ಗಳನ್ನು ಅದಲು ಬದಲು ಮಾಡಬೇಕಿತ್ತು. ಈಗ ಗೇಮ್ ತೆರೆಯುವ ಮೊದಲು ಲಾಂಚರ್ ಅಂತ ಇನ್ನೊಂದು ಪ್ರೋಗ್ರಾಂ ತೆರೆಯುತ್ತದಲ್ಲ, ಅದು ನೀವು ಆರಿಸಿದ ಕಾರುಗಳನ್ನು ಆ ಎಂಟು ಜಾಗಕ್ಕೆ ತುಂಬಿ ಕೊಡುತ್ತದೆ. ಗೇಮ್‌ಗೆ ಪಾಪ ಏನೂ ಗೊತ್ತಿಲ್ಲ.

ಇಲ್ಲಿ ಒಂದು ವಿಷಯ ಬಹಳ ಜನ ತಪ್ಪು ತಿಳಿದುಕೊಳ್ಳುತ್ತಾರೆ. ಮೂಲ ಫಿಸಿಕ್ಸ್ ಅಷ್ಟು ಚೆನ್ನಾಗಿತ್ತು, ಫ್ಯಾನ್‌ಗಳು ಬರೀ ಕಾರು ಸೇರಿಸಿದರು ಅಂತ. ಹಾಗೇನಿಲ್ಲ. ಮೂಲ ಫಿಸಿಕ್ಸ್ ಬರೆದದ್ದು ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಆ ಕಾಲದ ಡಬ್ಲ್ಯುಆರ್‌ಸಿ (ವಿಶ್ವ ಚಾಂಪಿಯನ್‌ಶಿಪ್) ಕಾರುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು. ಮುಂಚಕ್ರದ ಕಾರು ಇದ್ದದ್ದು ಒಂದೇ, ಎಂಜಿ ಜೆಡ್‌ಆರ್. ಹಿಂಚಕ್ರದ ಕಾರು ಇರಲೇ ಇಲ್ಲ. ಜನಕ್ಕೋ ಹಳೇ ಫೋರ್ಡ್ ಎಸ್ಕಾರ್ಟ್ ಬೇಕು, ಲಾನ್ಸಿಯಾ ಬೇಕು, ಎಂಬತ್ತರ ದಶಕದ ಗ್ರೂಪ್ ಬಿ ಅನ್ನುವ ವರ್ಗದ ರಾಕ್ಷಸ ಕಾರುಗಳು ಬೇಕು. ಅಂಕಿಗಳನ್ನು ಎಷ್ಟು ತಿರುಚಿದರೂ ಎಸ್ಕಾರ್ಟ್ ಎಸ್ಕಾರ್ಟ್ ಥರ ಓಡಲಿಲ್ಲ, ಯಾಕಂದರೆ ತೊಂದರೆ ಅಂಕಿಯಲ್ಲಿ ಇರಲಿಲ್ಲ, ಲೆಕ್ಕ ಮಾಡುವ ಕೋಡ್‌ನಲ್ಲೇ ಇತ್ತು. ಆ ಕೋಡ್ ಯಾರ ಕೈಯಲ್ಲೂ ಇಲ್ಲ. ಆಗ ಒಬ್ಬ ಮಾಡರ್ ಮಾಡಿದ ಕೆಲಸ ನನಗೆ ಈ ಇಡೀ ಕಥೆಯಲ್ಲೇ ದೊಡ್ಡದು ಅನಿಸುತ್ತದೆ. ಗೇಮ್ ಓಡುತ್ತಿರುವಾಗ ಮೆಮೊರಿಯೊಳಗೆ ಯಾವ ಭಾಗ ಏನು ಲೆಕ್ಕ ಮಾಡುತ್ತದೆ ಅಂತ ಹುಡುಕಿ, ಆ ತುಂಡುಗಳ ಜಾಗಕ್ಕೆ ತಾನು ಬರೆದ ಲೆಕ್ಕವನ್ನು ಪ್ಲಗಿನ್ ಮೂಲಕ ಕೂರಿಸುವುದು. ಹೆಸರು ಎನ್‌ಜಿಪಿ, ನೆಕ್ಸ್ಟ್ ಜನರೇಷನ್ ಫಿಸಿಕ್ಸ್. ಎಂಜಿನ್, ಗೇರ್, ಡಿಫರೆನ್ಷಿಯಲ್, ಟೈರು, ವೀಲಿಗೆ ಬರುವ ಫೋರ್ಸ್ ಫೀಡ್‌ಬ್ಯಾಕ್ (ಟೈರಿನ ಎಳೆತ ಕೈಗೆ ಗೊತ್ತಾಗುವುದು), ಒಂದೊಂದಾಗಿ ಬದಲಾಗುತ್ತಾ ಬಂದವು. ಈಗ ನೀವು ಆಡುವುದು 2004ರ ಗೇಮ್ ಅನ್ನುವುದು ಅರ್ಧ ನಿಜ. ಗೋಡೆ ಹಳೇದು, ಒಳಗಿನ ಯಂತ್ರ ಬಹುಪಾಲು ಹೊಸದು.

ಸ್ಟೇಜ್‌ಗಳ ವಿಷಯಕ್ಕೆ ಬಂದರೆ, 36 ಇದ್ದದ್ದು ಈಗ ನೂರಾರು ಆಗಿದೆ. ಜೆಕ್, ಪೋಲೆಂಡ್, ಫ್ರಾನ್ಸ್, ಹಂಗೇರಿ, ಹೀಗೆ ಎಲ್ಲೆಲ್ಲಿ ರ‍್ಯಾಲಿ ಹುಚ್ಚಿದೆಯೋ ಅಲ್ಲಿಯವರು ತಮ್ಮ ಊರಿನ ರಸ್ತೆ ತಂದು ಹಾಕಿದ್ದಾರೆ. ವಾರ್ಸಾದ ಕರೋವಾ ಅನ್ನುವ ಊರೊಳಗಿನ ಸಣ್ಣ ಸುತ್ತು ಇದೆ, ಫ್ರಾನ್ಸ್‌ನ ಬೆಟ್ಟದ ಪೇರೆಗ್ರೋಸ್-ಮಂಡಗೂ ಥರದ ಉಸಿರು ಕಟ್ಟಿಸುವ ಡಾಂಬರು ರಸ್ತೆಯೂ ಇದೆ. ಕೆಲವು ಅದ್ಭುತ, ಕೆಲವು ಹಲಗೆ ಮೇಲೆ ಹಸಿರು ಬಣ್ಣ ಬಳಿದಂತಿವೆ. ಬೇರೆ ಗೇಮ್‌ಗಳಿಂದ ಎತ್ತಿಕೊಂಡು ಬಂದ ರಸ್ತೆಗಳೂ ಇವೆ. ಅದರ ಬಗ್ಗೆ ಮಾಡರ್‌ಗಳ ನಡುವೆಯೇ ಜಗಳ ಇದೆ, ಇರಬೇಕಾದ್ದೇ.

ಈಗ ನನ್ನ ಪ್ರಕಾರ ಅಸಲಿ ಕಾರಣ. ಫಿಸಿಕ್ಸ್ ಚೆನ್ನಾಗಿರುವ, ಬೀಗ ಸಡಿಲ ಇರುವ ಹಳೇ ಗೇಮ್‌ಗಳು ಬೇರೆಯೂ ಇವೆ. ಇದನ್ನು ಉಳಿಸಿದ್ದು ಗಡಿಯಾರ.

ಸರ್ಕ್ಯೂಟ್ ರೇಸ್ ಗೇಮ್‌ನಲ್ಲಿ ಇಪ್ಪತ್ತು ಜನ ಒಂದೇ ಹೊತ್ತಿಗೆ ಒಂದೇ ಟ್ರ್ಯಾಕ್‌ನಲ್ಲಿ ಇರಬೇಕು. ಎಲ್ಲರ ಕಾರೂ ಎಲ್ಲರ ಪರದೆಯಲ್ಲೂ ಸರಿಯಾದ ಜಾಗದಲ್ಲಿ ಕಾಣಬೇಕು, ನೆಟ್ ನಿಧಾನವಾದರೆ ಗುದ್ದಾಟ. ಅದಕ್ಕೆ ಗಟ್ಟಿಯಾದ ಸರ್ವರ್ ಬೇಕು, ಸರ್ವರಿಗೆ ದುಡ್ಡು ಬೇಕು, ಕಂಪನಿ ಕೈಬಿಟ್ಟರೆ ಮುಗಿಯಿತು. ಯೂಬಿಸಾಫ್ಟ್‌ನವರು 2024ರಲ್ಲಿ ದಿ ಕ್ರೂ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡವರಿಗೂ ಗೇಮ್ ತೆರೆಯದೇ ಹೋಯಿತು, ನೆನಪಿದೆ ಅಲ್ವಾ. ರ‍್ಯಾಲಿಗೆ ಆ ತಾಪತ್ರಯ ಇಲ್ಲ. ನಿಜವಾದ ರ‍್ಯಾಲಿಯಲ್ಲೂ ಪ್ರತಿಯೊಬ್ಬರೂ ಒಬ್ಬೊಬ್ಬರೇ ಹೊರಡುತ್ತಾರೆ, ಎದುರಾಳಿ ಗಡಿಯಾರ ಮಾತ್ರ. ಹಾಗಾಗಿ ಆನ್‌ಲೈನ್ ರ‍್ಯಾಲಿ ನಡೆಸಲು ಬೇಕಾದದ್ದು ಇಷ್ಟೇ: ನೀವು ಯಾವ ಸ್ಟೇಜ್ ಓಡಿಸಿದಿರಿ, ಯಾವ ಕಾರು, ಎಷ್ಟು ಸಮಯ. ಒಂದು ಸಾಲು ಮಾಹಿತಿ. ಒಂದು ಸಣ್ಣ ಸರ್ವರ್ ಸಾಕು, ನಾಲ್ಕು ಜನ ಸ್ವಯಂಸೇವಕರು ಸಾಕು. ಒಬ್ಬ ಬೆಳಗಿನ ಜಾವ ಜೆಕ್ ದೇಶದ ಬ್ರನೋದಲ್ಲಿ ಓಡಿಸಲಿ, ಇನ್ನೊಬ್ಬ ರಾತ್ರಿ ಊಟ ಆದಮೇಲೆ ಮಂಡ್ಯದಲ್ಲಿ ಓಡಿಸಲಿ, ಇಬ್ಬರೂ ಒಂದೇ ಪಟ್ಟಿಯಲ್ಲಿ.

ಈ ಕೆಲಸವನ್ನು ಮೊದಲು ದೊಡ್ಡದಾಗಿ ಮಾಡಿದ್ದು ಜೆಕ್ ಗುಂಪು. ಅವರ ಪ್ಲಗಿನ್ ಮೂಲಕ ಆನ್‌ಲೈನ್ ಟೂರ್ನಮೆಂಟ್‌ಗಳು ನಡೆದವು. ಫ್ರಾನ್ಸ್‌ನವರ ಆರ್‌ಎಸ್‌ಆರ್‌ಬಿಆರ್ ಅನ್ನುವ ಪ್ಯಾಕ್ ಬೇರೆ. ಒಬ್ಬರದ್ದಕ್ಕೂ ಇನ್ನೊಬ್ಬರದ್ದಕ್ಕೂ ಸರಿಯಾಗಿ ಹೊಂದುತ್ತಿರಲಿಲ್ಲ, ಜನ ಒಂದೇ ಕಂಪ್ಯೂಟರ್‌ನಲ್ಲಿ ಎರಡು ಮೂರು ಕಡೆ ಗೇಮ್ ಹಾಕಿಟ್ಟುಕೊಳ್ಳುತ್ತಿದ್ದರು. ಹೊಸಬ ಬಂದರೆ ಇನ್‌ಸ್ಟಾಲ್ ಮಾಡುವುದರಲ್ಲೇ ಒಂದು ಭಾನುವಾರ ಹೋಗುತ್ತಿತ್ತು. ಆಮೇಲೆ ಹಂಗೇರಿಯ ರ‍್ಯಾಲಿಸಿಮ್‌ಫ್ಯಾನ್ಸ್ ಗುಂಪು ಎಲ್ಲವನ್ನೂ ಒಂದೇ ಇನ್‌ಸ್ಟಾಲರ್‌ಗೆ ತಂದಿತು. ಗೇಮ್, ಎನ್‌ಜಿಪಿ, ಕಾರು, ಸ್ಟೇಜ್, ಟೈಮಿಂಗ್, ಎಲ್ಲಾ ಸೇರಿ. ಈಗ ಜನ ಆರ್‌ಬಿಆರ್ (ಈ ಗೇಮ್‌ನ ಚಿಕ್ಕ ಹೆಸರು) ಅಂದರೆ ಬಹುಪಾಲು ಆರ್‌ಎಸ್‌ಎಫ್, ಅಂದರೆ ಈ ಹಂಗೇರಿ ಗುಂಪಿನ ಪ್ಯಾಕ್, ಅಂತಲೇ ಅರ್ಥ.

ಇದರಲ್ಲಿ ಬಿಗಿ ಇದೆ, ಆ ಬಿಗಿಯೇ ಜೀವ. ಆನ್‌ಲೈನ್ ರ‍್ಯಾಲಿಯಲ್ಲಿ ನಿಮ್ಮ ಫಿಸಿಕ್ಸ್ ಫೈಲ್ ಎಲ್ಲರದ್ದರ ಥರವೇ ಇರಬೇಕು, ಲಾಂಚರ್ ಪರೀಕ್ಷೆ ಮಾಡುತ್ತದೆ. ಶುರು ಮಾಡಿದ ಸ್ಟೇಜನ್ನು ಮಧ್ಯದಲ್ಲಿ ಮತ್ತೆ ಮೊದಲಿನಿಂದ ಓಡಿಸುವ ಹಾಗಿಲ್ಲ. ಗುದ್ದಿದರೆ ಗುದ್ದಿದ್ದೇ. ರ‍್ಯಾಲಿ ನಡೆಸುವವರು ಅವಕಾಶ ಕೊಟ್ಟಿದ್ದರೆ ದಂಡದ ಸಮಯ ಹಾಕಿಸಿಕೊಂಡು ಮುಂದಿನ ಸ್ಟೇಜ್‌ಗೆ ಹೋಗಬಹುದು, ಇಲ್ಲದಿದ್ದರೆ ಮನೆಗೆ. 'ನಂದು ನನ್ನಿಷ್ಟ' ಅಂತ ಯಾರು ಬೇಕಾದರೂ ಕಾರಿನ ಅಂಕಿ ತಿದ್ದಬಹುದಾದ ಗೇಮ್‌ನಲ್ಲಿ, ಸಾವಿರಾರು ಜನ ತಿದ್ದದೇ ಇರೋಣ ಅಂತ ಒಪ್ಪಿಕೊಂಡಿದ್ದಾರೆ. ಮಾಡ್ ಅಂದರೆ ಬದಲಿಸುವ ಸ್ವಾತಂತ್ರ್ಯ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಉಲ್ಟಾ. ಬೇರೆ ಎಷ್ಟೋ ಗೇಮ್‌ಗಳ ಮಾಡ್ ಜಗತ್ತು ಹತ್ತು ದಿಕ್ಕಿಗೆ ಚದುರಿ ಹೋದದ್ದು ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ ಒಂದೊಂದು ಗೇಮ್ ಆದದ್ದರಿಂದ.

ಇದಕ್ಕೆ ಅಣ್ಣನಂಥ ಗೇಮ್ ಇನ್ನೊಂದಿದೆ, ಗ್ರ್ಯಾಂಡ್ ಪ್ರಿ ಲೆಜೆಂಡ್ಸ್. 1998ರದ್ದು, ಅಮೆರಿಕದ ಪಪೈರಸ್ ಮಾಡಿದ್ದು, 1967ರ ಫಾರ್ಮುಲಾ ಒನ್ ಸೀಸನ್. ಅದೂ ಹೀಗೇ ಬದುಕಿದೆ. ಸೆಕೆಂಡಿಗೆ 36 ಚಿತ್ರಕ್ಕಿಂತ ಜಾಸ್ತಿ ತೋರಿಸಲ್ಲ ಅಂತ ಹಟ ಹಿಡಿದಿದ್ದ ಗೇಮನ್ನು ಫ್ಯಾನ್‌ಗಳು 60ಕ್ಕೆ ತಂದರು, 1965, 1966, 1969ರ ಸೀಸನ್‌ಗಳನ್ನೂ ಮಾಡಿ ಸೇರಿಸಿದರು. ಇಷ್ಟವಾದರೆ ಅದರ ಬಗ್ಗೆ ಇನ್ನೊಮ್ಮೆ ಕೇಳಿ.

ಹೊಸ ಗೇಮ್‌ಗಳ ಬಗ್ಗೆ ನ್ಯಾಯವಾಗಿ ಹೇಳಬೇಕು. 2023ರ ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿ ನೋಡಲು ಎಷ್ಟೋ ಚೆಂದ, ಸ್ಟೇಜ್‌ಗಳು ಉದ್ದ, ಅಧಿಕೃತ ಕಾರು, ಅಧಿಕೃತ ತಂಡ. ಆದರೆ 2025ರಲ್ಲಿ ಕಂಪನಿ ಅದಕ್ಕೆ ಹೊಸದೇನೂ ಸೇರಿಸಲ್ಲ ಅಂದುಬಿಟ್ಟಿತು. ಎರಡು ವರ್ಷವೂ ತುಂಬಿರಲಿಲ್ಲ. ಆರ್‌ಬಿಆರ್‌ನಲ್ಲಿ ಚೆಂದ ಕಡಿಮೆ. ಮರಗಳು ರಟ್ಟಿನಂತೆ ಕಾಣುತ್ತವೆ, ಪ್ರೇಕ್ಷಕರು ಗೊಂಬೆ, ಮೆನು ನೋಡಿದರೆ 2004 ಅಂತ ಕೂಗಿ ಹೇಳುತ್ತದೆ. ಕರಿಯರ್ ಅಂತ ಹೇಳಿಕೊಳ್ಳುವಂಥದ್ದಿಲ್ಲ. ಪ್ರಶಸ್ತಿ, ಪಟಾಕಿ, ಲೆವೆಲ್ ಏರುವುದು ಯಾವುದೂ ಇಲ್ಲ. ಅದು ಬೇಕಾದವರು ಹೊಸದನ್ನೇ ಕೊಳ್ಳಲಿ, ನನ್ನ ತಕರಾರಿಲ್ಲ.

ಇನ್ನು ನಿಮ್ಮ ಲ್ಯಾಪ್‌ಟಾಪ್. ಗೇಮ್ ಡೈರೆಕ್ಟ್‌ಎಕ್ಸ್ 9 ಕಾಲದ್ದು, ಹಾಗಾಗಿ ಹಳೇ ಗ್ರಾಫಿಕ್ಸ್ ಕೂಡ ಮೂಲ ಸ್ಟೇಜ್‌ಗಳನ್ನು ಎಳೆಯುತ್ತದೆ. ಫ್ಯಾನ್‌ಗಳು ಮಾಡಿದ ಹೊಸ ಸ್ಟೇಜ್‌ಗಳಲ್ಲಿ ಮರಗಿಡ ಜಾಸ್ತಿ, ಅಲ್ಲಿ ಕುಂಟಬಹುದು, ನೆರಳು ಮತ್ತು ದೂರದ ವಿವರ ಕಡಿಮೆ ಮಾಡಿ. ಡಿಸ್ಕ್‌ನಲ್ಲಿ ಜಾಗ ನೋಡಿಕೊಳ್ಳಿ. ಎಲ್ಲಾ ಕಾರು, ಎಲ್ಲಾ ಸ್ಟೇಜ್ ಬೇಕು ಅಂದರೆ ಹತ್ತಾರು ಜಿಬಿ ಆಗುತ್ತದೆ. ಮೊದಲಿಗೆ ಪೂರ್ತಿ ಬೇಡ, ಕೆಲವನ್ನೇ ಆರಿಸಿ ಹಾಕಿಕೊಳ್ಳಿ. ಪ್ರೋಗ್ರಾಂ ಫೈಲ್ಸ್ ಒಳಗೆ ಮಾತ್ರ ಹಾಕಬೇಡಿ. ಅಲ್ಲಿ ಫೈಲ್ ಬದಲಿಸಲು ವಿಂಡೋಸ್ ಸುಲಭಕ್ಕೆ ಬಿಡಲ್ಲ, ಈ ಗೇಮ್‌ಗೋ ಪ್ರತಿ ಸಲ ಫೈಲ್ ಬದಲಿಸುವುದೇ ಕೆಲಸ. ಸಿ ಡ್ರೈವ್‌ನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ ಅದಕ್ಕೆ ಹಾಕಿ. ಆಂಟಿವೈರಸ್ ಗಲಾಟೆ ಮಾಡಬಹುದು, ಇನ್ನೊಂದು ಪ್ರೋಗ್ರಾಮಿನ ಮೆಮೊರಿಗೆ ಕೈ ಹಾಕುವ ಪ್ಲಗಿನ್ ಕಂಡರೆ ಅದಕ್ಕೆ ಅನುಮಾನ ಬರುವುದು ಸಹಜ. ಅದಕ್ಕೇ ಹೇಳುವುದು, ಆರ್‌ಎಸ್‌ಎಫ್‌ನ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಯಾರೋ ಯಾವುದೋ ಡ್ರೈವ್ ಲಿಂಕ್ ಕಳಿಸಿದರೆ ಬೇಡ.

ಕೀಬೋರ್ಡ್‌ನಲ್ಲಿ ಆಡಬೇಡಿ, ಬೇಜಾರಾಗಿ ಬಿಟ್ಟುಬಿಡುತ್ತೀರಿ. ಗೇಮ್‌ಪ್ಯಾಡ್ ಪರವಾಗಿಲ್ಲ. ವೀಲ್ ಇದ್ದರೆ ತಿರುಗುವ ಕೋನ 540 ಡಿಗ್ರಿಗೆ ಇಟ್ಟು ಶುರು ಮಾಡಿ, ಫೋರ್ಸ್ ಫೀಡ್‌ಬ್ಯಾಕ್ ಕಡಿಮೆಯಿಂದ ಏರಿಸುತ್ತಾ ಹೋಗಿ. ಜೋರಾಗಿ ಇಟ್ಟರೆ ಕೈ ನೋಯುತ್ತದೆ, ಟೈರು ಹಿಡಿತ ಬಿಡುವ ಸಣ್ಣ ಸುಳಿವೂ ಕೈಗೆ ಬರಲ್ಲ. ಮತ್ತೆ, ದಯವಿಟ್ಟು ಮೊದಲ ದಿನವೇ ಡಬ್ಲ್ಯುಆರ್‌ಸಿ ಕಾರು ಹತ್ತಬೇಡಿ. ಎಲ್ಲರೂ ಮಾಡುವುದು ಅದನ್ನೇ. ರ‍್ಯಾಲಿ4 ಅಥವಾ ಹಳೇ ಆರ್2 ಗುಂಪಿನ ಮುಂಚಕ್ರದ ಸಣ್ಣ ಕಾರು ತೆಗೆದುಕೊಳ್ಳಿ. ಮೂಲ ಗೇಮ್‌ನಲ್ಲಿರುವ ರ‍್ಯಾಲಿ ಸ್ಕೂಲ್ ಮುಗಿಸಿ, ಅಲ್ಲಿ ಬರ್ನ್ಸ್ ಅವರ ದನಿಯಲ್ಲೇ ಪಾಠ ಇದೆ, ಎಡಗಾಲಿನ ಬ್ರೇಕ್, ಹ್ಯಾಂಡ್‌ಬ್ರೇಕ್ ತಿರುವು ಎಲ್ಲಾ ಹೇಳಿಕೊಡುತ್ತಾರೆ. ಆಮೇಲೆ ಬ್ರಿಟನ್ನಿನ ಹಾರ್‌ವುಡ್ ಫಾರೆಸ್ಟ್ ಸ್ಟೇಜ್. ಅದನ್ನು ಗುದ್ದದೆ ಮುಗಿಸುವ ತನಕ ಸಮಯ ನೋಡಲೇಬೇಡಿ. ವೇಗ ತಾನಾಗಿ ಬರುತ್ತದೆ, ಇದರಲ್ಲಿ ನಿಧಾನವಾಗಿ ಓಡಿಸುವುದನ್ನು ಕಲಿಯುವುದೇ ಕಷ್ಟ.

ಕಾನೂನು. ಈ ಗೇಮ್ ಈಗ ಹೊಸದಾಗಿ ಯಾವ ಡಿಜಿಟಲ್ ಅಂಗಡಿಯಲ್ಲೂ ಸಿಗುವುದಿಲ್ಲ. ಬರ್ನ್ಸ್ ಹೆಸರು, ಸುಬಾರು, ಪ್ಯೂಜೊ, ಟೊಯೊಟಾ, ಎಲ್ಲದಕ್ಕೂ ಬೇರೆ ಬೇರೆ ಪರವಾನಗಿ ಬೇಕು, ಹಳೇ ಗೇಮ್‌ಗಾಗಿ ಯಾವ ಕಂಪನಿಯೂ ಅಷ್ಟೊಂದು ಬಾಗಿಲು ತಟ್ಟಲ್ಲ. ಆದರೆ ಮಾರಾಟಕ್ಕಿಲ್ಲ ಅಂದ ಮಾತ್ರಕ್ಕೆ ಹಕ್ಕು ಇಲ್ಲ ಅಂತ ಆಗಲ್ಲ. ಕಾಪಿರೈಟ್ ಹಾಗೇ ಇದೆ, 'ಇದು ಉಚಿತ' ಅಂತ ಯಾರೂ ಅಧಿಕೃತವಾಗಿ ಹೇಳಿಲ್ಲ. ಎಲ್ಲರೂ ನೋಡಿಯೂ ನೋಡದಂತೆ ಇದ್ದಾರೆ ಅಷ್ಟೇ. ನಿಮಗೆ ಮನಸ್ಸಿಗೆ ಸಮಾಧಾನ ಬೇಕು ಅಂದರೆ ಹಳೇ ಡಿಸ್ಕ್ ಎಲ್ಲಾದರೂ ಸಿಕ್ಕರೆ ಕೊಂಡಿಟ್ಟುಕೊಳ್ಳಿ, ಶೆಲ್ಫಿನಲ್ಲೂ ಚೆನ್ನಾಗಿ ಕಾಣುತ್ತದೆ. ಮಾಡ್ ಮಾಡುವವರಿಗೆ ನನ್ನ ಮಾತು ಒಂದೇ: ದುಡ್ಡಿಗೆ ಮಾರಬೇಡಿ, ಬೇರೆಯವರ ಕೆಲಸ ಕೇಳದೆ ಎತ್ತಬೇಡಿ. ದುಡ್ಡು ಬಂದ ದಿನ ವಕೀಲರೂ ಬರುತ್ತಾರೆ.

ಕೊನೆಗೆ ನಿಮ್ಮ ಕಾಫಿ ತೋಟ. ಇದು ನನಗೂ ಆಸೆ ಇರುವ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಟೂಲ್‌ಗಳಿವೆ. ರಸ್ತೆಯ ದಾರಿ ಹಾಕಿ ಅಕ್ಕಪಕ್ಕದ ನೆಲ ಎಬ್ಬಿಸಲು ಬಾಬ್ಸ್ ಟ್ರ್ಯಾಕ್ ಬಿಲ್ಡರ್ ಅಂತ ಹಳೇ ಪ್ರೋಗ್ರಾಂ ಇದೆ. ಬ್ಲೆಂಡರ್ ಎಂಬ 3ಡಿ ಪ್ರೋಗ್ರಾಂ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಮಾಡಿದ್ದನ್ನು ಆರ್‌ಬಿಆರ್‌ಗೆ ಬೇಕಾದ ರೂಪಕ್ಕೆ ತರಲು ವಾಲಬಿ ಎಂಬ ಟೂಲ್. ಟೂಲ್ ಕಲಿಯುವುದು ದೊಡ್ಡ ವಿಷಯ ಅಲ್ಲ. ತೊಂದರೆ ಇರುವುದು ನೆಲದ ಅಳತೆಯಲ್ಲಿ.

ಫಿನ್ಲೆಂಡಿನವರಿಗೆ ಅವರ ಸರ್ವೆ ಇಲಾಖೆ ಇಡೀ ದೇಶದ ಲೇಸರ್ ಸ್ಕ್ಯಾನ್ ಉಚಿತವಾಗಿ ಕೊಡುತ್ತದೆ, ಚರಂಡಿಯ ಆಳ ಕೂಡ ಅದರಲ್ಲಿ ಕಾಣುತ್ತದೆ. ನಮಗೆ ಸುಲಭವಾಗಿ ಸಿಗುವುದು ಎಸ್‌ಆರ್‌ಟಿಎಂ, ಅಂದರೆ 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ತೆಗೆದ ಎತ್ತರದ ಅಂಕಿ. ಸುಮಾರು 30 ಮೀಟರಿಗೆ ಒಂದು ಅಂಕಿ. ತೋಟದ ರಸ್ತೆಯಲ್ಲಿ 30 ಮೀಟರ್ ಒಳಗೆ ಒಂದು ಹೇರ್‌ಪಿನ್ ತಿರುವು ಮುಗಿದೇ ಹೋಗಿರುತ್ತದೆ. ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿದೆ. ದಟ್ಟ ಮರಗಳಿರುವ ಕಡೆ ರೇಡಾರ್ ನೆಲವನ್ನು ಸರಿಯಾಗಿ ಮುಟ್ಟುವುದಿಲ್ಲ, ಮರದ ಮೇಲ್ಭಾಗವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಾಫಿ ತೋಟ ಅಂದರೆ ಸಿಲ್ವರ್ ಓಕ್, ಅದರ ಕೆಳಗೆ ಬೇರೆ ನೆರಳಿನ ಮರ. ಅಂಕಿಯನ್ನು ಹಾಗೇ ನಂಬಿದರೆ ನಿಮ್ಮ ರಸ್ತೆ ಮರ ಇರುವಲ್ಲಿ ಗುಡ್ಡ ಹತ್ತಿ ಬಯಲಿರುವಲ್ಲಿ ಇಳಿಯುತ್ತದೆ. ನಿಜವಾದ ರಸ್ತೆ ಹಾಗಿರಲ್ಲ.

ಹಾಗಾಗಿ ಎಸ್‌ಆರ್‌ಟಿಎಂ ದೂರದ ಬೆಟ್ಟಕ್ಕೆ ಮಾತ್ರ ಇಟ್ಟುಕೊಳ್ಳಿ. ರಸ್ತೆಗೆ ನೀವೇ ಹೋಗಬೇಕು. ಅದಕ್ಕೆ ಮೊದಲು ತೋಟದ ಮಾಲೀಕರನ್ನು ಕೇಳಬೇಕು, ಅದು ಖಾಸಗಿ ಜಾಗ, ಸ್ಟೇಜ್‌ಗೆ ತೋಟದ ಹೆಸರು ಇಡುವುದಿದ್ದರೆ ಅದನ್ನೂ ಕೇಳಿ. ಜಿಪಿಎಸ್ ಹಿಡಿದು ನಾಲ್ಕೈದು ಸಲ ಅದೇ ದಾರಿ ಓಡಾಡಿ ಸರಾಸರಿ ತೆಗೆಯಿರಿ. ಎತ್ತರಕ್ಕೆ ಫೋನಿನ ಜಿಪಿಎಸ್ ನಂಬಬೇಡಿ, ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಏರಿಳಿತಕ್ಕೆ ಅದು ಎಷ್ಟೋ ವಾಸಿ. ಡ್ಯಾಶ್‌ಬೋರ್ಡಿಗೆ ಕ್ಯಾಮೆರಾ ಕಟ್ಟಿ ಎರಡೂ ದಿಕ್ಕಿನಲ್ಲಿ ವಿಡಿಯೋ ತೆಗೆಯಿರಿ. ರಸ್ತೆ ಯಾವ ಕಡೆ ಓರೆ ಇದೆ, ನೀರು ಹರಿದು ಎಲ್ಲಿ ಸೀಳಿದೆ, ಕಲ್ಲಿನ ಮೋರಿ ಎಲ್ಲಿ ಒಂದು ಗೇಣು ಎದ್ದಿದೆ, ಗೇಟ್ ಕಂಬ ರಸ್ತೆಗೆ ಎಷ್ಟು ಹತ್ತಿರ, ಇದನ್ನೆಲ್ಲ ಕೈಯಲ್ಲಿ ಬರೆದುಕೊಳ್ಳಿ. ಗೇಮ್‌ನಲ್ಲಿ ಸ್ಟೇಜ್ ನಿಜ ಅನಿಸುವುದು ಈ ಓರೆ, ಸೀಳು, ಮೋರಿಗಳಿಂದ. ಎಲೆಯ ಚಿತ್ರ ಎಷ್ಟು ಸ್ಪಷ್ಟ ಅನ್ನುವುದರಿಂದ ಅಲ್ಲವೇ ಅಲ್ಲ.

ಇನ್ನು ಮರಗಳು. ತೋಟದಲ್ಲಿ ಇರುವಷ್ಟನ್ನೂ ನೆಡಲು ಹೋಗಬೇಡಿ. ಗೇಮ್ 32 ಬಿಟ್ ಪ್ರೋಗ್ರಾಂ, ಫೈಲ್‌ನಲ್ಲಿ ಒಂದು ಗುರುತು ಬದಲಿಸಿ ಎಳೆದರೂ 4 ಜಿಬಿಗಿಂತ ಜಾಸ್ತಿ ಮೆಮೊರಿ ಮುಟ್ಟಲಾರದು. ರಸ್ತೆ ಅಂಚಿನ ಎರಡು ಸಾಲು ಚೆನ್ನಾಗಿ ಮಾಡಿ, ಅದರ ಹಿಂದೆ ಚಪ್ಪಟೆ ಚಿತ್ರ ಸಾಕು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಯಾರೂ ಕಾಫಿ ಗಿಡದ ಎಲೆ ಎಣಿಸಲ್ಲ. ಪ್ರತಿ ಮೇಲ್ಮೈಗೂ ಅದು ಜಲ್ಲಿಯೋ, ಮಣ್ಣೋ, ಹುಲ್ಲೋ ಅಂತ ಫಿಸಿಕ್ಸ್‌ಗೆ ಹೇಳಬೇಕು. ಒಣಗಿದ್ದಾಗ, ತೇವ ಇದ್ದಾಗ, ಪೂರ್ತಿ ಒದ್ದೆಯಾದಾಗ ಹಿಡಿತ ಬೇರೆ ಬೇರೆ. ಮಲೆನಾಡಿನ ಕೆಂಪು ಮಣ್ಣು ಒದ್ದೆಯಾದರೆ ಹೇಗೆ ಜಾರುತ್ತದೆ ಅಂತ ನಿಮಗೆ ಗೊತ್ತಲ್ಲ, ಅದಕ್ಕೆ ಸರಿಹೊಂದುವ ಮೇಲ್ಮೈ ಹುಡುಕಲು ಬ್ರಿಟನ್ ಸ್ಟೇಜ್‌ಗಳಿಂದ ಶುರು ಮಾಡಿ, ಆಸ್ಟ್ರೇಲಿಯಾದ ಒಣ ಜಲ್ಲಿಯಿಂದ ಬೇಡ.

ಮೊದಲ ಸಲಕ್ಕೆ ಮೂರು ಕಿಲೋಮೀಟರ್ ಸಾಕು. ಹದಿನೈದು ಕಿಲೋಮೀಟರ್ ಅಂತ ಶುರು ಮಾಡಿದವರ ಅರ್ಧ ಮುಗಿದ ರಸ್ತೆಗಳು ಹಾರ್ಡ್ ಡಿಸ್ಕ್‌ಗಳಲ್ಲಿ ಬೇಕಾದಷ್ಟು ಬಿದ್ದಿವೆ. ಮರ ನೆಡುವ ಮೊದಲೇ, ಬರೀ ಬೂದು ಬಣ್ಣದ ರಸ್ತೆ ಇರುವಾಗಲೇ ಗೇಮ್‌ನಲ್ಲಿ ಹಾಕಿ ಓಡಿಸಿ ನೋಡಿ, ಏರಿಳಿತ ಸರಿ ಇಲ್ಲದಿದ್ದರೆ ತಿದ್ದಲು ಅದೇ ಸರಿಯಾದ ಹೊತ್ತು. ಕೋ-ಡ್ರೈವರ್ ನೋಟ್ಸ್ ಕೊನೆಗೆ ಬರೆಯಿರಿ, ಅದಕ್ಕೆ ಪೇಸ್‌ನೋಟ್ ಪ್ಲಗಿನ್ ಇದೆ, ಓಡಿಸಿ ನೋಡುತ್ತಾ ಅಲ್ಲಲ್ಲೇ ತಿದ್ದಬಹುದು. ನೋಟ್ಸ್ ಹೇಳುವ ದನಿ ಅಂದರೆ ಸಣ್ಣ ಸಣ್ಣ ಆಡಿಯೋ ಫೈಲ್‌ಗಳು, ಬೇರೆ ಬೇರೆ ಭಾಷೆಯವರು ತಮ್ಮ ದನಿ ಹಾಕಿಕೊಂಡಿದ್ದಾರೆ. ಮಾತು ಚುರುಕಾಗಿರುವ ಗೆಳೆಯ ಒಬ್ಬ ಇದ್ದರೆ ಕನ್ನಡದಲ್ಲೇ ರೆಕಾರ್ಡ್ ಮಾಡಿಸಿ. ಒಂದೊಂದು ತಿರುವಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಮಾತಾಡಬಾರದು ಅಂತ ಮೊದಲೇ ಹೇಳಿಡಿ.